ಚೂರಿ ಓದುವ ರೋಹಿಣಿ

ಸಿದ್ದಾಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ರೋಹಿಣಿ ನಾಯ್ಕರ ಸಾಣೆ ಅಂಗಡಿ ಇದೆ. ಕುಡಗೋಲು, ಮೆಟ್ಟುಗತ್ತಿ, ದರ್ಜಿಯ ಕತ್ತರಿ, ಹೋಟೆಲಿನವರ ಈರುಳ್ಳಿ ಚೂರಿ, ಹೀಗೆ ಊರಿನ ಮೊಂಡಾದ ಕಬ್ಬಿಣವೆಲ್ಲ ಅಲ್ಲಿಗೇ ಬರುತ್ತದೆ. ಅವರ ಮನೆ ಹತ್ತಿರದ ಹಳ್ಳಿ ಮನ್ಮನೆಯಲ್ಲಿ. ಗಂಡ ವೆಂಕಟ್ರಮಣ ಮೊದಲು ಸಾಣೆ ಚಕ್ರವನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಹನ್ನೆರಡು ವರ್ಷಗಳ ಹಿಂದೆ ಸೊಂಟದ ಮೂಳೆ ಜರುಗಿತು. ಡಾಕ್ಟರು ಪೆಡಲು ತುಳಿಯುವುದೇ ಬೇಡ ಎಂದರು. ವೆಂಕಟ್ರಮಣ ಗದ್ದೆಯ ಕೆಲಸಕ್ಕೆ ಸರಿದರು, ಚಕ್ರ ಅಂಗಳದಲ್ಲಿ ಮೂರು ತಿಂಗಳು ಬಿದ್ದಿತ್ತು. ರೋಹಿಣಿ ಒಂದು ದಿನ ಅದನ್ನು ಗೂಡ್ಸ್ ರಿಕ್ಷಾದಲ್ಲಿ ಹೇರಿಕೊಂಡು ಪೇಟೆಗೆ ಬಂದು, ಅರ್ಧ ಎಚ್‌ಪಿ ಮೋಟಾರು ಕೂಡಿಸಿ, ಈ ಕೋಣೆ ಹಿಡಿದರು.

ಮೊದಲ ವಾರ ಬಂದವರೆಲ್ಲ ಬಾಗಿಲಲ್ಲೇ ನಿಂತು ವೆಂಕಟ್ರಮಣ ಎಲ್ಲಿ ಎಂದು ಕೇಳುತ್ತಿದ್ದರು. ರೋಹಿಣಿ ಅವರ ಕೈಯ ಕತ್ತಿಗೆ ಕೈ ಚಾಚುತ್ತಿದ್ದರು. ಒಬ್ಬ ದರ್ಜಿ ಪರೀಕ್ಷೆ ಮಾಡೋಣವೆಂದೇ ಅಲಗು ಮುಕ್ಕಾದ ಕತ್ತರಿಯೊಂದನ್ನು ತಂದುಕೊಟ್ಟ. ಅರ್ಧ ಗಂಟೆಯ ನಂತರ ಅವರು ಒದ್ದೆ ಬಟ್ಟೆಯ ತುಂಡೊಂದನ್ನು ಎತ್ತಿ ಹಿಡಿದು, ಅದೇ ಕತ್ತರಿಯಿಂದ ತುದಿಯವರೆಗೂ ಒಂದೇ ಸಮ ಕತ್ತರಿಸಿ ತೋರಿಸಿದರು. ಅವತ್ತಿನಿಂದ ವೆಂಕಟ್ರಮಣ ಎಲ್ಲಿ ಎಂದು ಕೇಳುವವರು ಅವರ ಆರೋಗ್ಯ ವಿಚಾರಿಸುವವರು ಮಾತ್ರ.

ರೋಹಿಣಿಗೆ ಹಳೆಯ ಚೂರಿಗಳ ಹುಚ್ಚು ಹಿಡಿದದ್ದು ಅದೇ ಸಾಣೆಕಲ್ಲಿನ ಮುಂದೆ. ಹೆಂಗಸೊಬ್ಬಳು ಹಲಸಿನಕಾಯಿ ಹೆಚ್ಚುವ ಚೂರಿ ತಂದಿದ್ದಳು. ಮೈಯೆಲ್ಲ ತುಕ್ಕು, ಹಿಡಿಗೆ ಸುತ್ತಿದ ಸೈಕಲ್ ಟ್ಯೂಬು. ಕಲ್ಲಿಗೆ ತಾಗಿಸುವ ಮೊದಲು ರೂಢಿಯಂತೆ ಹೆಬ್ಬೆರಳಿನಿಂದ ಅಲಗಿನ ಬುಡ ಒರೆಸಿದಾಗ ಏನೋ ಗೀರು ತಾಗಿತು. ಸೀಮೆಎಣ್ಣೆ ಹಾಕಿ ಉಜ್ಜಿದರು. ಬಾಣದ ಗುರುತು, ಅದರ ಕೆಳಗೆ ೧೯೪೩ ಎಂಬ ಇಸವಿ. ರೋಹಿಣಿ ಮೋಟಾರು ಆರಿಸಿದರು. ಆ ಹೆಂಗಸಿಗೆ ಹೊಸ ಚೂರಿಯೊಂದನ್ನು ಕೊಟ್ಟು, ಇದನ್ನು ತನಗೆ ಬಿಡುತ್ತೀಯಾ ಎಂದು ಕೇಳಿದರು. ಅವಳು ಬೇಡ ಎನ್ನಲಿಲ್ಲ, ಹಲಸಿನ ಅಂಟಿನ ಬಗ್ಗೆ ಮಾತ್ರ ಎಚ್ಚರಿಸಿ ಹೋದಳು.

ಬಾಣ ಬ್ರಿಟಿಷ್ ಸೈನ್ಯದ ಸರಕಿನ ಗುರುತು ಎಂದು ತಿಳಿಯಲು ಒಂದು ವಾರ ಹಿಡಿಯಿತು. ರೋಹಿಣಿ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಹುಡುಕಿ, ಗೊತ್ತಿಲ್ಲದ ಇಂಗ್ಲಿಷ್ ಶಬ್ದಗಳನ್ನು ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದುಕೊಂಡು, ಪುಣೆ, ಕೊಡಗು, ಕೊಲ್ಹಾಪುರದ ಸಂಗ್ರಾಹಕರ ಗುಂಪಿಗೆ ಸೇರಿಕೊಂಡರು. ಮೊದಲು ರೋಹಿಣಿ ಕೇಳುತ್ತಿದ್ದರು. ಎರಡು ವರ್ಷ ಕಳೆಯುವುದರೊಳಗೆ ಆ ಗುಂಪಿನವರು ಫೋಟೋ ಕಳಿಸಿ ಇವರನ್ನು ಕೇಳತೊಡಗಿದರು. ಯಾವ ಅಲಗನ್ನು ಕಾಯಿಸಿ ಬಡಿದದ್ದು, ಯಾವುದನ್ನು ತಗಡಿನಿಂದ ಕತ್ತರಿಸಿದ್ದು, ಯಾವ ತುಕ್ಕು ಕಾಲದ್ದು, ಯಾವುದು ಉಪ್ಪುನೀರಿನಲ್ಲಿ ನೆನೆಸಿ ಬರಿಸಿದ್ದು ಎಂಬುದನ್ನು ದಿನಕ್ಕೆ ಮೂವತ್ತು ಅಲಗು ಮುಟ್ಟುವ ಬೆರಳಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಈಗ ಅವರ ಬಳಿ ಅರವತ್ತಮೂರು ಇವೆ. ಶಿಕಾರಿಗೆ ಬರುತ್ತಿದ್ದ ಯಾವನೋ ಸಾಹೇಬ ಬಿಟ್ಟುಹೋದ, ಬಾಟಲಿಯ ಬುಚ್ಚು ತೆಗೆಯುವ ತಿರುಪೂ ಇರುವ ಮಡಚುವ ಚೂರಿ. ತೆಂಗಿನಕಾಯಿ ಸುಲಿಯಲು ಅಂಗಳದಲ್ಲಿ ನೆಟ್ಟಿದ್ದ ಬಂದೂಕಿನ ಸನೀನು, ಅಂದರೆ ಬಯೊನೆಟ್ಟು. ಎರಡು ಗೂರ್ಖಾ ಕುಕ್ರಿ. ಊರಿಗೆಲ್ಲ ಸಾಣೆ ಹಿಡಿಯುವ ರೋಹಿಣಿ ಇವುಗಳಲ್ಲಿ ಒಂದನ್ನೂ ಕಲ್ಲಿಗೆ ತಾಗಿಸಿಲ್ಲ. ಕಲ್ಲಿಗೆ ಕೊಟ್ಟರೆ ಗುರುತು ಅಳಿಯುತ್ತದೆ, ಗುರುತು ಹೋದರೆ ಅದು ಬರೀ ಕಬ್ಬಿಣ ಎನ್ನುತ್ತಾರೆ.

ಮನ್ಮನೆಯಲ್ಲಿ ಆಯುಧದ ರಾಶಿ ಇದೆ ಎಂದು ಯಾರೋ ಠಾಣೆಗೆ ಹೇಳಿದ್ದೂ ಉಂಟು. ಸುದ್ದಿ ಕಿವಿಗೆ ಬಿದ್ದ ಕೂಡಲೇ ರೋಹಿಣಿ ಎಲ್ಲವನ್ನೂ ಎರಡು ಗೋಣಿಚೀಲದಲ್ಲಿ ಕಟ್ಟಿಕೊಂಡು ತಾವೇ ಠಾಣೆಗೆ ಹೋದರು. ಮೇಜಿನ ಮೇಲೆ ಒಂದೊಂದಾಗಿ ಇಟ್ಟು, ಯಾವುದು ಎಲ್ಲಿಂದ ಬಂತು ಎಂದು ವಿವರಿಸಿದರು. ಸಾಹೇಬರು ಬೈಯಲು ಕುಳಿತವರು ಕೊನೆಗೆ ಚಹಾ ತರಿಸಿದರು. ದೊಡ್ಡ ಅಲಗುಗಳನ್ನು ಕಪಾಟಿನಲ್ಲಿ ಬೀಗ ಹಾಕಿ ಇಡಬೇಕು, ಹೊತ್ತು ತಿರುಗಬಾರದು ಎಂದು ಹೇಳಿ, ಪಟ್ಟಿ ಬರೆಸಿಕೊಂಡು ಕಳಿಸಿದರು. ಮರುವಾರ ಠಾಣೆಯ ಅಡುಗೆಮನೆಯ ಚೂರಿ ಸಾಣೆಗೆ ಬಂತು.

ನಾನು ಹೇಳಬೇಕೆಂದಿರುವುದು ಹೋದ ವರ್ಷ ವಜ್ರಳ್ಳಿಯಲ್ಲಿ ನಡೆದದ್ದು.

ಯಲ್ಲಾಪುರ ತಾಲೂಕಿನ ವಜ್ರಳ್ಳಿಯ ಸಂದೇಶ ಹೆಗಡೆ ತನ್ನ ಮನೆಯ ಪಕ್ಕದಲ್ಲಿ ಹೋಂಸ್ಟೇ ಕಟ್ಟಿಸಿದ್ದ. ಮೂವತ್ತೈದರ ಚುರುಕು ಮನುಷ್ಯ. ಅವನ ಮನೆಯಲ್ಲಿ ಒಂದು ಚೂರಿ ಇತ್ತು. ಮನೆಯವರೆಲ್ಲ ಮುತ್ತಜ್ಜ ಎಂದೇ ಕರೆಯುತ್ತಿದ್ದ ಸಂದೇಶನ ಅಜ್ಜನ ಅಜ್ಜ ಬ್ರಿಟಿಷ್ ಕಲೆಕ್ಟರನ ಜೊತೆ ಶಿಕಾರಿಗೆ ಹೋದಾಗ ಹುಲಿ ಮೈಮೇಲೆ ಬಿತ್ತೆಂದೂ, ಈ ಚೂರಿಯಿಂದಲೇ ಅದನ್ನು ಕೊಂದನೆಂದೂ, ಮೆಚ್ಚಿದ ಕಲೆಕ್ಟರ ಚೂರಿಯನ್ನು ಉಡುಗೊರೆಯಾಗಿ ಬಿಟ್ಟುಹೋದನೆಂದೂ ಮನೆಯಲ್ಲಿ ಹೇಳಿಕೊಂಡು ಬಂದಿದ್ದರು. ಸಂದೇಶ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಮುತ್ತಜ್ಜನ ಫೋಟೋ ತೂಗುಹಾಕಿದ್ದ. ಪೆಟ್ಟಿಗೆಯ ಪಕ್ಕ ದೊಡ್ಡ ಫಲಕ ಹಾಕಿಸುವ ಮೊದಲು ಬಲ್ಲವರಿಂದ ನಾಲ್ಕು ಮಾತು ಬರೆಸಿಕೊಳ್ಳೋಣವೆಂದು ರೋಹಿಣಿಯವರಿಗೆ ಫೋನ್ ಮಾಡಿ, ಕಾರು ಕಳಿಸಿದ.

ಮನೆಯಲ್ಲಿ ಸಂದೇಶನ ಅಜ್ಜಿ ದೇವಕಿ ಇದ್ದರು. ಎಪ್ಪತ್ತೆಂಟು ವರ್ಷ, ನೆಟ್ಟಗಿನ ಬೆನ್ನು. ರೋಹಿಣಿ ಚೂರಿಯನ್ನು ಕಿಟಕಿಯ ಬೆಳಕಿಗೆ ಒಯ್ದರು. ಹನ್ನೆರಡು ಅಂಗುಲದ ಅಲಗು, ಕೊಂಬಿನ ಹಿಡಿ, ಹಿಡಿಯ ಬುಡಕ್ಕೆ ಅಗಲವಾದ ಹಿತ್ತಾಳೆ ಪಟ್ಟಿ. ಅಲಗಿನ ಉದ್ದಕ್ಕೂ ಒಂದು ಸಣ್ಣ ಕಾಲುವೆ. ಅದು ರಕ್ತ ಹರಿದುಹೋಗಲು ಮಾಡಿದ್ದು ಎಂದು ಸಂದೇಶ ಹೇಳಿದ. ಅಲ್ಲ, ಗಟ್ಟಿತನ ಕೆಡದಂತೆ ತೂಕ ಇಳಿಸಲು ಮಾಡಿದ್ದು ಎಂದು ರೋಹಿಣಿ ತಿದ್ದಿದರು. ಕಡಿಯದ ಅಲಗಿನಲ್ಲಿ ಕಾಲುವೆ ತುದಿಗಿಂತ ಮೊದಲೇ ನಿಲ್ಲುತ್ತದೆ, ಇಲ್ಲಿ ತುದಿಯವರೆಗೂ ಓಡಿತ್ತು. ಅವರಿಗೆ ಅಷ್ಟೇ ಸಾಕಾಯಿತು. ಇದು ಮೊದಲು ಹದಿನೇಳು ಅಂಗುಲ ಇದ್ದ ಸನೀನು, ಬಂದೂಕಿನ ಮೂತಿಗೆ ಸಿಕ್ಕಿಸುವಂಥದ್ದು, ಆಮೇಲೆ ಕಡಿದು ಗಿಡ್ಡ ಮಾಡಿದ್ದಾರೆ ಎಂದರು.

ಬುಡದಲ್ಲಿ ೧೯೧೮ ಎಂದು ಕಂಡಿತು. ಸಂದೇಶ ಹಿಗ್ಗಿದ. ಮುತ್ತಜ್ಜನ ಕಾಲಕ್ಕೆ ಸರಿಯಾಗಿಯೇ ಇತ್ತು. ಆದರೆ ರೋಹಿಣಿಗೆ ಹಿತ್ತಾಳೆ ಪಟ್ಟಿಯ ಮೇಲೆ ಕಣ್ಣು. ಅದರ ಅಡಿಯಿಂದ ಇನ್ನೊಂದು ಅಚ್ಚಿನ ಅಂಚು ಇಣುಕುತ್ತಿತ್ತು. ಪಟ್ಟಿ, ಹಿಡಿ ಎರಡನ್ನೂ ಬಿಚ್ಚಬಹುದೇ, ಮೊದಲಿದ್ದಂತೆಯೇ ಕೂಡಿಸಿಕೊಡುತ್ತೇನೆ ಎಂದು ಕೇಳಿದರು. ಸಂದೇಶ ಹಿಂಜರಿದ. ಬಿಚ್ಚಲಿ ಎಂದು ದೇವಕಿಯೇ ಹೇಳಿದರು.

ಹಿತ್ತಾಳೆಯ ಅಡಿಯಲ್ಲಿ ಇದ್ದದ್ದು ೪೨ ಎಂಬ ಅಂಕಿ. ಅಂದರೆ ೧೯೪೨, ಕಡಿದು ಗಿಡ್ಡ ಮಾಡಿದ ಇಸವಿ. ರೋಹಿಣಿ ತಲೆ ಎತ್ತಿ ಗೋಡೆಯ ಫೋಟೋ ನೋಡಿದರು. ಅದರ ಕೆಳಗೆ ಮುತ್ತಜ್ಜನ ಜನನ, ಮರಣದ ಇಸವಿ ಬರೆದಿತ್ತು. ಅವರು ತೀರಿಹೋದದ್ದು ೧೯೩೬ರಲ್ಲಿ.

ರೋಹಿಣಿ ಚೂರಿಯನ್ನು ಮತ್ತೊಮ್ಮೆ ಬೆಳಕಿಗೆ ತಿರುಗಿಸಿದರು. ಹೇಳಲು ಹೆದರಿಕೆಯಲ್ಲ, ಹೇಗೆ ಶುರುಮಾಡುವುದೆಂಬ ಯೋಚನೆ. ದೇವಕಿ ಅದನ್ನು ಕಂಡುಕೊಂಡರು.

"ಎಂತಾದ್ರೂ ಇರ್ಲಿ, ನೀ ಕಂಡಿದ್ದನ್ನೇ ಹೇಳು" ಎಂದರು. "ಚಂದದ ಸುಳ್ಳು ಕೇಳೂಲೆ ನಿನ್ನ ಕರ್ಸಿದ್ನಿಲ್ಲೆ ಆನು."

ರೋಹಿಣಿ ಹೇಳಿದರು. ಈ ಆಕಾರಕ್ಕೆ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಆಗ ಮುತ್ತಜ್ಜ ಹೋಗಿ ಆರು ವರ್ಷ.

"ಹಂಗಾರೆ ನಮ್ಮ ಮುತ್ತಜ್ಜ ಹುಲಿ ಹೊಡೆದಿದ್ದು ಸುಳ್ಳಾ?" ಸಂದೇಶನ ದನಿ ಗಡುಸಾಗಿತ್ತು.

"ಹುಲಿ ಹೊಡ್ದಿರ್ಬಹುದು. ಈ ಚೂರೀಲಿ ಅಲ್ಲ."

ಸಂದೇಶ ಎದ್ದು ಹೊರಗೆ ಹೋದ. ಹುಲಿಯ ಕಥೆ ಅಚ್ಚಾದ ಕರಪತ್ರಗಳ ಕಟ್ಟು ಅಲ್ಲೇ ಬೆಂಚಿನ ಮೇಲಿತ್ತು. ಅತಿಥಿಗಳಿಗೆ ಅವನು ದಿನಾ ಹೇಳುತ್ತಿದ್ದ ಕಥೆ ಅದು. ಬಾಗಿಲಲ್ಲಿ ನಿಂತು, ಬೇಕಾದರೆ ನೀವೇ ಒಯ್ಯಿರಿ, ನಮಗೆ ಇನ್ನು ಇದರಿಂದ ಏನೂ ಆಗಬೇಕಾದ್ದಿಲ್ಲ ಎಂದ. ದೇವಕಿಯೂ ಬೇಡ ಎನ್ನಲಿಲ್ಲ.

ರೋಹಿಣಿಗೆ ಅದು ಬೇಕಾಗಿತ್ತು. ಗಿಡ್ಡ ಮಾಡಿದ ಸನೀನು ಅವರ ಅರವತ್ತಮೂರರಲ್ಲಿ ಒಂದೂ ಇರಲಿಲ್ಲ, ಐದು ವರ್ಷದಿಂದ ಹುಡುಕುತ್ತಿದ್ದರು. ಬರುವ ದಾರಿಯಲ್ಲೇ, ಅದೇ ಆಗಿದ್ದರೆ ಕೇಳಿಯೇ ಬಿಡುತ್ತೇನೆ ಎಂದು ಗಂಡನಿಗೆ ಫೋನಿನಲ್ಲಿ ಹೇಳಿದ್ದರು. ಈಗ ಕೇಳುವ ಮೊದಲೇ ಕೊಡುತ್ತಿದ್ದರು. ಆದರೆ ಹಿಡಿಯೊಳಗೆ ಹುದುಗಿದ್ದ ಕಬ್ಬಿಣದ ಬಾಲವನ್ನು ಒರೆಸುತ್ತಿದ್ದ ಅವರ ಬೆರಳಿಗೆ ಆಗಲೇ ಸಾಲಾದ ಚುಕ್ಕಿಗಳು ತಾಗಿದ್ದವು. ತಾಮ್ರದ ಪಾತ್ರೆಯ ಮೇಲೆ ಹೆಸರು ಹಾಕುತ್ತಾರಲ್ಲ, ಹಾಗೆ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಬಡಿದ ಕನ್ನಡ ಅಕ್ಷರ. ಒತ್ತಕ್ಷರ ಬಾರದ ಕೈ. ಅವರು ದೇವಕಿಯ ಹತ್ತಿರ ಒಯ್ದು ತೋರಿಸಿದರು.

"ಎಕಂಬಿ ಕನ" ಎಂದಿತ್ತು.

ದೇವಕಿ ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದರು. ಶಿರಸಿಯ ಆಚೆ ಎಕ್ಕಂಬಿ ಎಂಬ ಊರಿದೆ. ಕನ ಎಂದರೆ ಕನ್ನ ಇರಬೇಕು. ಅವರು ಈ ಮನೆಗೆ ಮದುವೆಯಾಗಿ ಬಂದ ಹೊಸತರಲ್ಲಿ ಆ ಕಡೆಯಿಂದ ಕನ್ನ ನಾಯ್ಕ ಎಂಬವನೊಬ್ಬ ವರ್ಷಕ್ಕೊಮ್ಮೆ ಬರುತ್ತಿದ್ದುದು ನೆನಪಿಗೆ ಬಂತು. ಎಲ್ಲರೂ ಮಿಲ್ಟ್ರಿ ಕನ್ನ ಎನ್ನುತ್ತಿದ್ದರು. ಅವನು ಅಂಗಳಕ್ಕೆ ಕಾಲಿಟ್ಟರೆ ಯಾರಿಗೂ ಏಳದ ಮಾವ ಎದ್ದು ನಿಲ್ಲುತ್ತಿದ್ದರು. ಯಾಕೆಂದು ಕೇಳುವ ಧೈರ್ಯ ಆಗಿನ ಸೊಸೆಗೆ ಇರಲಿಲ್ಲ.

ರೋಹಿಣಿ ಚೂರಿ ಒಯ್ಯಲಿಲ್ಲ. ಬಾಲದ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲಿನಿಂದ ಉಜ್ಜಿ ಆ ಅಕ್ಷರಗಳ ನಕಲು ತೆಗೆದುಕೊಂಡರು. ಮೊದಲು ಇದು ಯಾರದ್ದೆಂದು ತಿಳಿಯಲಿ, ಆಮೇಲೆ ನೋಡುವ ಎಂದು ಹೇಳಿ, ಹಿಡಿಯನ್ನೂ ಪಟ್ಟಿಯನ್ನೂ ಇದ್ದಂತೆಯೇ ಕೂಡಿಸಿಕೊಟ್ಟು ಹೊರಟರು. ಬರಿಗೈಯಲ್ಲಿ ಬಂದ ಹೆಂಡತಿಯನ್ನು ನೋಡಿ ವೆಂಕಟ್ರಮಣರಿಗೆ ಆಶ್ಚರ್ಯ. ಕೊಡುತ್ತೇವೆಂದರೂ ತರಲಿಲ್ಲವೇ ಎಂದು ಎರಡು ಸಲ ಕೇಳಿದರು. "ಹೆಸ್ರು ಕಂಡ್ಮೇಲೆ ಹೆಂಗೆ ತರೂದು" ಎಂದಷ್ಟೇ ಹೇಳಿ ರೋಹಿಣಿ ಊಟಕ್ಕೆ ಕುಳಿತರು.

ಭಾನುವಾರ ಅಂಗಡಿಗೆ ರಜೆ ಹಾಕಿ ಎಕ್ಕಂಬಿಗೆ ಬಸ್ಸು ಹಿಡಿದರು. ಹುಡುಕುವುದು ಕಷ್ಟವಾಗಲಿಲ್ಲ. ಬಸ್ಸಿಳಿದ ಕಡೆಯ ಚಹಾದಂಗಡಿಯಲ್ಲಿ ಮಿಲ್ಟ್ರಿ ಕನ್ನ ಎಂದ ಕೂಡಲೇ ಮುದುಕರೊಬ್ಬರು, ಆತ ಹೋಗಿ ಮೂವತ್ತು ವರ್ಷವಾಯಿತು, ಮಗಳು ಹೊನ್ನಿ ಇದ್ದಾಳೆ, ಜೋಳದ ಹೊಲದ ಆಚೆಯ ನೀಲಿ ಬಾಗಿಲಿನ ಮನೆ ಎಂದು ಕೈತೋರಿಸಿದರು.

ಹೊನ್ನಿಗೂ ಎಪ್ಪತ್ತೈದರ ಮೇಲೆ. ಮಗನ ಮಕ್ಕಳು ಓಡಾಡುವ, ಟ್ರ್ಯಾಕ್ಟರ್ ನಿಂತಿರುವ ತುಂಬಿದ ಮನೆ. ಗುರುತಿಲ್ಲದ ಹೆಂಗಸು ಬಂದರೂ "ಬರ್ರಿ ಅಕ್ಕಾ, ಕುಂದ್ರಿ" ಎಂದು ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟ ಮೇಲೆಯೇ ಬಂದ ಕೆಲಸ ಕೇಳಿದಳು. ರೋಹಿಣಿ ಕಾಗದ ಬಿಡಿಸಿ ಮುಂದಿಟ್ಟರು. ಹೊನ್ನಿಗೆ ಓದಲು ಬರುವುದಿಲ್ಲ. ಆದರೂ ಕಾಗದವನ್ನು ನೋಡಿದವಳೇ ಒಳಗೆ ಎದ್ದುಹೋಗಿ, ಒಂದು ಹಿತ್ತಾಳೆ ತಂಬಿಗೆ ತಂದು ಪಕ್ಕದಲ್ಲಿಟ್ಟಳು. ತಂಬಿಗೆಯ ಕಂಠದ ಸುತ್ತ ಅದೇ ಚುಕ್ಕಿಗಳು, ಅದೇ ಒತ್ತಿಲ್ಲದ ಎಕಂಬಿ, ಅದೇ ಕನ. ಅಪ್ಪನಿಗೆ ಸೈನ್ಯದಲ್ಲಿ ಅಕ್ಷರ ಕಲಿಸಿದವನು ಧಾರವಾಡ ಕಡೆಯ ಜೊತೆಗಾರ, ಅವನು ಅರ್ಧ ಕಲಿಸುವಷ್ಟರಲ್ಲಿ ಬೇರೆ ಕಡೆ ವರ್ಗವಾಗಿ ಹೋದನಂತೆ ಎಂದಳು.

ಆಮೇಲೆ ಹೊನ್ನಿ ಹೇಳಿದ್ದು ಹೀಗೆ. ಕನ್ನ ನಾಯ್ಕ ಇಪ್ಪತ್ತರ ವಯಸ್ಸಿನಲ್ಲಿ ಬೆಳಗಾವಿಗೆ ಹೋಗಿ ಸೈನ್ಯ ಸೇರಿದ. ಬರ್ಮಾದ ಕಾಡಿನಲ್ಲಿ ಎರಡು ವರ್ಷ ಇದ್ದ. ಹಿಡಿ ಸೀಳಿಹೋಯಿತೆಂದು ಬಿಸಾಡಿದ ಸನೀನೊಂದನ್ನು ಎತ್ತಿಟ್ಟುಕೊಂಡು ಬಂದು, ಊರಿನಲ್ಲಿ ಕೊಂಬಿನ ಹಿಡಿ ಕೂರಿಸಿದ. ಯುದ್ಧದಿಂದ ತಂದ ವಸ್ತು ಅದೊಂದೇ. ಮದುವೆಯಾದ ಮೂರನೇ ವರ್ಷ ಕೊಯ್ಲಿನ ಕೆಲಸಕ್ಕೆಂದು ಹತ್ತು ಜನರ ಜೊತೆ ವಜ್ರಳ್ಳಿಗೆ ಹೋದವನಿಗೆ ಅಲ್ಲಿ ಬರ್ಮಾದ ಚಳಿಜ್ವರ ಮತ್ತೆ ಕಾಣಿಸಿಕೊಂಡಿತು. ಬದುಕುವ ನಂಬಿಕೆ ಇರಲಿಲ್ಲ. ಕೆಲಸ ಮುಗಿಸಿ ಉಳಿದವರು ಹೊರಟುಹೋದರು. ಮನೆಯ ಯಜಮಾನರು ಅವನನ್ನು ತಮ್ಮ ಜಗಲಿಯ ಕೋಣೆಯಲ್ಲೇ ಮಲಗಿಸಿ, ಯಲ್ಲಾಪುರದಿಂದ ಗಾಡಿಯಲ್ಲಿ ಡಾಕ್ಟರನ್ನು ಕರೆಸಿ, ಇಪ್ಪತ್ತೆರಡು ದಿನ ಗಂಜಿ ಕಾಯಿಸಿ ಹಾಕಿಸಿದರು. ಯಾರು ಯಾರ ಜಗಲಿಯಲ್ಲಿ ಮಲಗಬೇಕೆಂದು ಊರು ಮಾತಾಡುತ್ತಿದ್ದ ಕಾಲ ಅದು. ಯಜಮಾನರು ಕಿವಿಗೆ ಹಾಕಿಕೊಳ್ಳಲಿಲ್ಲ. ಕನ್ನ ಎದ್ದು ಓಡಾಡುವಂತಾಗಿ ಹೊರಟ ದಿನ ತನ್ನ ಬಳಿ ಇದ್ದ ಒಂದೇ ಒಳ್ಳೆಯ ವಸ್ತುವನ್ನು ಅವರ ಕೈಯಲ್ಲಿಟ್ಟು ಬಂದ.

ಕನ್ನನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ದೇವಕಿಯ ಮಾವನೇ ಆ ಯಜಮಾನರು. ಚೂರಿ ಅವರ ಗೋಡೆಯ ಮೇಲೆ, ಅವರ ಅಪ್ಪನ, ಅಂದರೆ ಆ ಮುತ್ತಜ್ಜನ, ಫೋಟೋದ ಪಕ್ಕ ತೂಗುತ್ತಿತ್ತು. ಅವರು ಮಾತು ಕಡಿಮೆಯ ಮನುಷ್ಯ. ಚೂರಿಯನ್ನೂ ಫೋಟೋವನ್ನೂ ಒಟ್ಟಿಗೆ ನೋಡಿಕೊಂಡು ಬೆಳೆದ ಮಕ್ಕಳು ನಡುವೆ ಒಂದು ಹುಲಿಯನ್ನು ತಂದುಕೊಂಡರು.

ಚೂರಿಯನ್ನು ವಜ್ರಳ್ಳಿಯವರು ಬಿಟ್ಟುಕೊಡಲು ತಯಾರಿದ್ದಾರೆ, ತಂದುಕೊಡಲೇ ಎಂದು ರೋಹಿಣಿ ಕೇಳಿದರು. ಕೇಳುವಾಗಲೇ ತಮ್ಮ ಆಸೆಯನ್ನು ಬಿಟ್ಟಂತಾಯಿತು. ಹೊನ್ನಿ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಅಪ್ಪ ಕೊಟ್ಟದ್ದನ್ನ ನಾ ಹೆಂಗ ಇಸ್ಕೊಳ್ಳಲಿ ಅಕ್ಕಾ? ಅದು ಅವರದ್ದ. ಆದ್ರ ಒಂದ್ಸಲ ಕೈಯಾಗ ಹಿಡಿಬೇಕು ನಾನು."

ಮುಂದಿನ ಭಾನುವಾರ ಇಬ್ಬರೂ ಶಿರಸಿಯಲ್ಲೊಮ್ಮೆ, ಯಲ್ಲಾಪುರದಲ್ಲೊಮ್ಮೆ ಬಸ್ಸು ಬದಲಾಯಿಸಿ ವಜ್ರಳ್ಳಿಗೆ ಹೋದರು. ಹೊನ್ನಿ ಹಸಿರು ಇಳಕಲ್ ಸೀರೆ ಉಟ್ಟು, ಒಂದು ಚೀಲ ಹೊಸ ಜೋಳದ ಹಿಟ್ಟು ತಂದಿದ್ದಳು. ರೋಹಿಣಿ ಮೊದಲೇ ಫೋನಿನಲ್ಲಿ ಎಲ್ಲವನ್ನೂ ತಿಳಿಸಿದ್ದರು. ಬಸ್ಸು ನಿಲ್ಲುವ ಜಾಗಕ್ಕೆ ಸಂದೇಶನೇ ಕಾರು ತಂದಿದ್ದ. ಮನೆ ಮುಟ್ಟಿದ ಮೇಲೆ ಗಾಜಿನ ಪೆಟ್ಟಿಗೆಯನ್ನು ತೆರೆದು, ಚೂರಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊನ್ನಿಗೆ ಕೊಟ್ಟ.

ದೇವಕಿ ಜಗಲಿಯಲ್ಲಿ ಎದ್ದು ನಿಂತಿದ್ದರು. ಹೊನ್ನಿ ಕುಳಿತ ಮೇಲೆಯೇ ಅವರು ಕುಳಿತರು.

ಹೊನ್ನಿ ಚೂರಿಯನ್ನು ಅಂಗೈಯಲ್ಲಿ ತೂಗಿ ನೋಡಿದಳು. ಇಷ್ಟು ಹಗುರ ಇರಬಹುದೆಂದು ಅಂದುಕೊಂಡಿರಲಿಲ್ಲ ಎಂದಳು. ಕೊಂಬಿನ ಹಿಡಿಯ ಒಂದು ಮಗ್ಗುಲು ಹೆಚ್ಚು ಸವೆದಿತ್ತು. ತನ್ನ ಅಪ್ಪ ಎಡಚ ಎಂದು ಅವಳು ಹೇಳಿದಾಗ ರೋಹಿಣಿ ತಲೆ ಬಾಗಿಸಿ ಮತ್ತೊಮ್ಮೆ ನೋಡಿದರು. ಅದು ತಮ್ಮ ಕಣ್ಣಿಗೆ ಬಿದ್ದಿರಲಿಲ್ಲವೆಂದು ಒಪ್ಪಿಕೊಂಡರು. ಕಣ್ಣಿಗೆ ಬೀಳದ್ದು ಅಪರೂಪ, ಬೀಳದಿದ್ದರೆ ಒಪ್ಪಿಕೊಳ್ಳುವುದಕ್ಕೆ ಅವರಿಗೆ ಯಾವ ಸಂಕೋಚವೂ ಇಲ್ಲ.

ಊಟದ ಹೊತ್ತಿಗೆ ಇಬ್ಬರು ಮುದುಕಿಯರೂ ಮಾತಿನಲ್ಲಿ ಮುಳುಗಿದ್ದರು. ಜ್ವರದಲ್ಲಿ ಯಜಮಾನರು ಹಾಕಿಸಿದ ಗಂಜಿಯ ಕಾಳುಮೆಣಸಿನ ರುಚಿಯನ್ನು ಕನ್ನ ಸಾಯುವವರೆಗೂ ಮನೆಯಲ್ಲಿ ಹೇಳುತ್ತಿದ್ದನಂತೆ. ದೇವಕಿ ಆ ಗಂಜಿಯನ್ನೇ ಅವತ್ತು ಮಾಡಿಸಿದ್ದರು. ಹೊನ್ನಿ ಎರಡು ಸಲ ಬಡಿಸಿಕೊಂಡು, ಅಪ್ಪ ಹೇಳಿದಷ್ಟೇನೂ ಇಲ್ಲ ಎಂದಳು. ದೇವಕಿ ನಕ್ಕುಬಿಟ್ಟರು.

ಸಂದೇಶ ಹುಲಿಯ ಕರಪತ್ರಗಳನ್ನು ಏನು ಮಾಡಿದನೋ ಗೊತ್ತಿಲ್ಲ. ಒಂದು ತಿಂಗಳ ನಂತರ ಗಾಜಿನ ಪೆಟ್ಟಿಗೆಯ ಪಕ್ಕ ಫಲಕ ಬಂತು. ಬರೆದುಕೊಟ್ಟವರು ರೋಹಿಣಿ: "ಎಕ್ಕಂಬಿಯ ಕನ್ನ ನಾಯ್ಕರ ಸನೀನು. ೧೯೧೮ರಲ್ಲಿ ತಯಾರಾದದ್ದು, ೧೯೪೨ರಲ್ಲಿ ಗಿಡ್ಡ ಮಾಡಿದ್ದು. ಬರ್ಮಾ ಯುದ್ಧದಿಂದ ಅವರು ತಂದು, ಜ್ವರದಲ್ಲಿ ತಮ್ಮನ್ನು ನೋಡಿಕೊಂಡ ಈ ಮನೆಗೆ ಕೊಟ್ಟದ್ದು." ಮುತ್ತಜ್ಜನ ಫೋಟೋ ಒಳಗಿನ ಕೋಣೆಗೆ ಹೋಯಿತು. ಅದರ ಜಾಗಕ್ಕೆ ಹೊನ್ನಿಯ ಮಗ ಕಳಿಸಿದ, ಕನ್ನ ನಾಯ್ಕ ರುಮಾಲು ಸುತ್ತಿಕೊಂಡು ನಿಂತ ಸಣ್ಣ ಫೋಟೋ ಬಂತು. ಅತಿಥಿಗಳು ಈಗಲೂ ಹುಲಿಯ ಬಗ್ಗೆ ಕೇಳುತ್ತಾರಂತೆ. ಹುಲಿ ಇಲ್ಲ, ಮನುಷ್ಯ ಇದ್ದಾನೆ ಎಂದು ಸಂದೇಶ ಶುರುಮಾಡುತ್ತಾನಂತೆ, ಮೊದಲಿಗಿಂತ ಉದ್ದವಾಗಿಯೇ ಹೇಳುತ್ತಾನಂತೆ.

ರೋಹಿಣಿಯ ಸಂಗ್ರಹ ಅರವತ್ತಮೂರರಲ್ಲೇ ನಿಂತಿದೆ. ಗಿಡ್ಡ ಸನೀನು ಇನ್ನೂ ಸಿಕ್ಕಿಲ್ಲ, ಸಿಗುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಈಗ ಸಾಣೆಗೆ ಚೂರಿ ತರುವವರಿಗಿಂತ ತೋರಿಸಲು ಬರುವವರೇ ಹೆಚ್ಚು. ವೆಂಕಟ್ರಮಣ ಅಂಗಡಿಯ ಬೋರ್ಡಿನ ಕೆಳಗೆ ಬಿಳಿ ಬಣ್ಣದಲ್ಲಿ "ಹಳೆಯ ಚೂರಿ ನೋಡಿ ಹೇಳಲಾಗುವುದು" ಎಂದು ತಾವೇ ಬರೆದರು.

ಹೋದ ತಿಂಗಳು ನಾನು ಕುಡಗೋಲು ಸಾಣೆಗೆ ಕೊಟ್ಟು ಕಾಯುತ್ತಿದ್ದಾಗ ಹಾನಗಲ್ಲಿನಿಂದ ಒಬ್ಬರು ಬಂದರು. ಉದ್ದ ಕತ್ತಿಯೊಂದನ್ನು ರೇಷ್ಮೆ ಶಾಲಿನಲ್ಲಿ ಸುತ್ತಿ ತಂದಿದ್ದರು. ರಾಜರ ಕಾಲದ್ದು, ತಮ್ಮ ಮನೆತನ ದಂಡಿನಲ್ಲಿತ್ತು ಎಂದರು. ರೋಹಿಣಿ ಅಲಗಿಗೆ ಉಗುರಿನಿಂದ ಒಮ್ಮೆ ತಟ್ಟಿ, ಸದ್ದು ಕೇಳಿ, ಹಿಡಿಯನ್ನು ಮೂಸಿ ನೋಡಿ, ಇದು ನಾಟಕದ ಕತ್ತಿ, ತಗಡಿನದು, ಹಿಡಿಗೆ ಹಚ್ಚಿದ್ದು ಬಣ್ಣದ ಅರಗು ಎಂದು ಹೇಳಿದರು. ಬಂದವರ ಮುಖ ಬಾಡಿತು. ಶಾಲು ಸುತ್ತತೊಡಗಿದರು. ರೋಹಿಣಿ ಮೋಟಾರು ಆರಿಸಿ, ಸ್ಟೂಲನ್ನು ಅವರತ್ತ ತಳ್ಳಿದರು.

"ಕುಂತ್ಕಳಿ. ನಿಮ್ಮನೇಲಿ ನಾಟ್ಕದಲ್ಲಿ ಪಾರ್ಟು ಮಾಡ್ತಿದ್ದೋರು ಯಾರು?"

ಶಾಲು ಸುತ್ತುತ್ತಿದ್ದ ಆ ಮನುಷ್ಯರ ಕೈ ನಿಂತಿತು. ನಮ್ಮ ದೊಡ್ಡಪ್ಪ ಎಂದು ನಿಧಾನವಾಗಿ ಹೇಳಿ, ಶಾಲನ್ನು ಮತ್ತೆ ಬಿಡಿಸಿ ಕುಳಿತರು.